ಒಬ್ಬ ನಟನ ನಾಟಕ



ರೇಡಿಯೋದ ಮುಂದೆ ಕುಳಿತು ನಾಟಕ ಕೇಳುವುದು ನಿಮಗೆ ರೂಢಿಯಾದ ಸಂಗತಿ. ಅಲ್ಲಿ ಪರದೆಯಿಲ್ಲ, ವೇಷವಿಲ್ಲ, ದೀಪವಿಲ್ಲ. ಬರಿಯ ಧ್ವನಿ ಬರುತ್ತದೆ. ಆದರೂ ಅರಮನೆಯ ಮೆಟ್ಟಿಲು, ಅಡವಿಯ ಹಾದಿ, ಅಳುವ ತಾಯಿ ಎಲ್ಲವೂ ನಿಮ್ಮ ಕಣ್ಣಿಗೆ ಕಟ್ಟುತ್ತವೆ. ಅವನ್ನು ಕಟ್ಟಿದವರು ಯಾರು? ನಿಲಯದ ಕಲಾವಿದರು ಅರ್ಧ ಕಟ್ಟಿದರು. ಉಳಿದರ್ಧವನ್ನು ನೀವೇ ಕಟ್ಟಿಕೊಂಡಿರಿ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ, ನಾನು ಇಲ್ಲಿ ಹೇಳಹೊರಟಿರುವ ಏಕಪಾತ್ರಾಭಿನಯದ ಚರಿತ್ರೆ ಸುಲಭವಾಗಿ ತಿಳಿದೀತು.

ವಿಜಯಪುರದಿಂದ ತಿಕೋಟೆಯನ್ನು ದಾಟಿ ಪಡುವಣಕ್ಕೆ ಹೋದರೆ ಕನಮಡಿ ಎಂಬ ಊರು ಸಿಕ್ಕುತ್ತದೆ. ಅದರ ಆಚೆಗೆ ಮಹಾರಾಷ್ಟ್ರದ ಜತ್ತ ಸೀಮೆ. ಅಲ್ಲಿಯೂ ಕನ್ನಡ ಮಾತನಾಡುವ ಹಳ್ಳಿಗಳು ಹಲವು. ಇಲ್ಲಿಯೂ ಮರಾಠಿ ಬಲ್ಲವರು ಹಲವರು. ಈ ಭಾಗಕ್ಕೆ ನಾಟಕ ಹೊಸದಲ್ಲ. ಬಯಲಾಟ, ಶ್ರೀಕೃಷ್ಣ ಪಾರಿಜಾತ, ಜಾತ್ರೆಗೆ ಊರ ಹುಡುಗರು ಕೂಡಿ ಆಡುವ ಸಾಮಾಜಿಕ ನಾಟಕ ಎಲ್ಲವನ್ನೂ ಇಲ್ಲಿಯ ಜನ ಕಂಡಿದ್ದಾರೆ. ಆದರೆ ನಾಟಕವೆಂದರೆ ಹತ್ತು ಜನರ ಕೆಲಸವೆಂಬುದು ಅವರ ತಿಳಿವಳಿಕೆ. ಪೇಟಿ ಬೇಕು, ತಬಲಾ ಬೇಕು, ಬಾಡಿಗೆಯ ಸೀನು ಬೇಕು, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆ ಬರಬೇಕು.

ಈ ಸೀಮೆಯ ಒಂದು ಶಾಲೆಯ ಗ್ಯಾದರಿಂಗಿನಲ್ಲಿ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಒಬ್ಬಳೇ ನಿಂತು, ಸಂತೆಗೆ ಬಂದ ಮುದುಕಿಯೊಬ್ಬಳ ಪಾತ್ರವನ್ನು ಕಾಲು ಗಂಟೆ ಅಭಿನಯಿಸಿದಳು. ಕಾರ್ಯಕ್ರಮ ಮುಗಿದ ಮೇಲೆ ಊರ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: “ಗುರುಗಳ, ಹುಡುಗಿ ಚಂದ ಮಾಡಿದಳು ಖರೆ. ಆದರ ಒಬ್ಬಾಕಿನ ಮಾತಾಡಿದ್ರ ಅದು ನಾಟಕ ಹ್ಯಾಂಗ ಆತು?”

ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕು.

ಭರತಮುನಿಯ ನಾಟ್ಯಶಾಸ್ತ್ರವು ಹತ್ತು ಬಗೆಯ ರೂಪಕಗಳನ್ನು ಹೇಳುತ್ತದೆ. ಅವುಗಳಲ್ಲಿ ‘ಭಾಣ’ವೆಂಬುದೊಂದು. ಅದಕ್ಕೆ ಒಂದೇ ಅಂಕ, ಒಂದೇ ಪಾತ್ರ. ಆ ಪಾತ್ರಧಾರಿ ತನ್ನ ಅನುಭವವನ್ನು ಹೇಳಬಹುದು, ಇಲ್ಲವೆ ಪರರ ಕಥೆಯನ್ನು ಹೇಳಬಹುದು. ರಂಗದ ಮೇಲೆ ಬೇರೊಬ್ಬರು ಇಲ್ಲದಿದ್ದರೂ ಇದ್ದಾರೆಂಬಂತೆ ಶೂನ್ಯದತ್ತ ನೋಡಿ ಮಾತನಾಡುತ್ತಾನೆ, “ಏನೆಂದೆ?” ಎಂದು ಕಿವಿಗೊಟ್ಟು, ಕಾಣದವನ ಉತ್ತರವನ್ನು ತಾನೇ ಮರಳಿ ನುಡಿದು, ಅದಕ್ಕೆ ಮರುಮಾತು ಕೊಡುತ್ತಾನೆ. ಈ ತಂತ್ರಕ್ಕೆ ಶಾಸ್ತ್ರಕಾರರು ಇಟ್ಟ ಹೆಸರು ‘ಆಕಾಶಭಾಷಿತ’. ಆಕಾಶವಾಣಿಯ ಶ್ರೋತೃಗಳಾದ ನಿಮಗೆ ಈ ಹೆಸರು ಪರಕೀಯವೆನಿಸಲಾರದು.

ಇದು ಬರಿಯ ಶಾಸ್ತ್ರದ ಮಾತಾಗಿ ಉಳಿಯಲಿಲ್ಲ. ‘ಚತುರ್ಭಾಣೀ’ ಎಂಬ ಹೆಸರಿನಿಂದ ನಾಲ್ಕು ಪ್ರಾಚೀನ ಭಾಣಗಳು 1922ರಲ್ಲಿ ಅಚ್ಚಾಗಿ ಬೆಳಕಿಗೆ ಬಂದವು. ಶೂದ್ರಕ, ಈಶ್ವರದತ್ತ, ವರರುಚಿ, ಶ್ಯಾಮಿಲಕ ಎಂಬವರ ಹೆಸರಿನಲ್ಲಿರುವ ಕೃತಿಗಳಿವು. ಅವುಗಳಲ್ಲಿ ವಿಟನೊಬ್ಬ ನಗರದ ಬೀದಿಯಲ್ಲಿ ನಡೆಯುತ್ತ ವ್ಯಾಪಾರಿ, ವೈಯಾಕರಣ, ಕಪಟ ಸಂನ್ಯಾಸಿ, ಗಣಿಕೆ ಮೊದಲಾದವರನ್ನು ಮಾತನಾಡಿಸುತ್ತ ಹೋಗುತ್ತಾನೆ. ನಟ ಒಬ್ಬನೇ, ಆದರೆ ಊರಿಗೆ ಊರೇ ರಂಗದ ಮೇಲೆ ಬರುತ್ತದೆ. ಇಲ್ಲೊಂದು ವಿಷಯವನ್ನು ಗಮನಿಸಬೇಕು. ನಟರು ಸಿಗದ ಬಡ ಊರಿನಲ್ಲಿ ಹುಟ್ಟಿದ ಕಲೆ ಇದಲ್ಲ. ಸಿರಿವಂತ ನಗರಗಳ ರಸಿಕರು ಬೇಕೆಂದೇ ಆರಿಸಿಕೊಂಡ ಕಲೆ ಇದು.

ಈ ನಾಟ್ಯಶಾಸ್ತ್ರವನ್ನು ನಮ್ಮ ಕಾಲದಲ್ಲಿ ಆಳವಾಗಿ ಅಭ್ಯಸಿಸಿ ಇಂಗ್ಲಿಷಿಗೆ ತಂದವರು ನಮ್ಮ ಜಿಲ್ಲೆಯವರೇ ಎಂಬುದು ಹೆಮ್ಮೆಯ ಸಂಗತಿ. ಅವರು ಅಗರಖೇಡದಲ್ಲಿ ಹುಟ್ಟಿದ ನಾಟಕಕಾರ ಆದ್ಯ ರಂಗಾಚಾರ್ಯರು, ಎಂದರೆ ಶ್ರೀರಂಗರು (1904–1984).

ಇನ್ನು ಕನ್ನಡ ನೆಲಕ್ಕೆ ಬರೋಣ. ಪಟ್ಟದಕಲ್ಲಿನ ಶಾಸನವೊಂದು ಅಚಲನೆಂಬ ನಟನನ್ನು ಭರತಮತವನ್ನು ಬಲ್ಲವನೆಂದು ಹೊಗಳುತ್ತದೆ. ರಾಜರ ಬಿರುದುಗಳು ತುಂಬಿದ ಕಲ್ಲಿನ ನಡುವೆ ಒಬ್ಬ ನಟನ ಹೆಸರು ಉಳಿದುದು ಸಾಮಾನ್ಯ ಗೌರವವಲ್ಲ. 12ನೆಯ ಶತಮಾನಕ್ಕೆ ಬಂದರೆ ಬಸವಾದಿ ಶರಣರ ಬಳಗದಲ್ಲಿ ಬಹುರೂಪಿ ಚೌಡಯ್ಯನಿದ್ದಾನೆ. ನಾನಾ ವೇಷ ಧರಿಸಿ ಜನರನ್ನು ರಂಜಿಸುವುದೇ ಅವನ ಕಾಯಕ. ‘ರೇಕಣ್ಣಪ್ರಿಯ ನಾಗಿನಾಥ’ ಎಂಬುದು ಅವನ ವಚನಗಳ ಅಂಕಿತ. ವೇಷ ಹಾಕುವವನ ಕಸುಬಿನಿಂದಲೇ ಅವನು ತನ್ನ ವಚನಗಳ ರೂಪಕಗಳನ್ನು ಎತ್ತಿಕೊಂಡ; ಹಲವು ರೂಪ ತೊಟ್ಟರೂ ಒಳಗಿನವನು ಒಬ್ಬನೇ ಎಂಬ ಅರಿವನ್ನು ಅನುಭಾವದ ಮಟ್ಟಕ್ಕೆ ಏರಿಸಿದ. ಅವನ ಜೊತೆಗೆ, ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಯೂ ಇದ್ದ. ವೇಷಗಾರನನ್ನೂ ನಗೆಗಾರನನ್ನೂ ಶರಣರೆಂದು ಒಪ್ಪಿಕೊಂಡ ನಾಡು ನಮ್ಮದು.

ಅನಂತರದ ಶತಮಾನಗಳಲ್ಲಿ ಒಬ್ಬನ ಆಟವನ್ನು ಜೀವಂತವಾಗಿಟ್ಟವರು ಮುಖ್ಯವಾಗಿ ಕೀರ್ತನಕಾರರು. ಹಿಮ್ಮೇಳದವರು ಹಿಂದೆ ನಿಂತಿರುತ್ತಾರೆ. ಕಥೆಯ ಭಾರವೆಲ್ಲ ದಾಸರ ಮೇಲೆ. ಅವರು ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಹೊದ್ದರೆ ದ್ರೌಪದಿ; ಅದನ್ನೇ ಸೊಂಟಕ್ಕೆ ಬಿಗಿದರೆ ಭೀಮಸೇನ; ಬೆನ್ನು ಬಾಗಿಸಿದರೆ ಧೃತರಾಷ್ಟ್ರ. ಎಡಕ್ಕೆ ತಿರುಗಿ ಪ್ರಶ್ನೆ, ಬಲಕ್ಕೆ ತಿರುಗಿ ಉತ್ತರ. ಕಣ್ಣೆತ್ತಿದರೆ ಎದುರಿಗಿರುವವನು ಎತ್ತರದವನು, ಕಣ್ಣಿಳಿಸಿದರೆ ಮಗು. ಮೇಕಪ್ಪಿನ ಪೆಟ್ಟಿಗೆಯಿಲ್ಲದೆ ನಡೆಯುವ ಈ ಬದಲಾವಣೆಯನ್ನು ನಮ್ಮ ಅಜ್ಜಿಯರು ಗುಡಿಯ ಪೌಳಿಯಲ್ಲಿ ಕುಳಿತು ನೋಡಿ ಕಣ್ಣೊರಸಿಕೊಂಡರು. ಭದ್ರಗಿರಿಯ ಅಚ್ಯುತದಾಸರು ಮತ್ತು ಕೇಶವದಾಸರು ಈ ಕಲೆಯನ್ನು ನಾಡಿನ ಹೊರಗೂ ಕೊಂಡೊಯ್ದರು. ಗುರುರಾಜುಲು ನಾಯ್ಡು ಅವರ ಹರಿಕಥೆಗಳು ಧ್ವನಿಸುರುಳಿಗಳ ಮೂಲಕ ಮನೆಮನೆಗೂ ತಲಪಿದವು. ನಮ್ಮ ಉತ್ತರ ಕರ್ನಾಟಕದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿಗಳ ಮತ್ತು ಪುಟ್ಟರಾಜ ಗವಾಯಿಗಳ (1914–2010) ಆಶ್ರಯದಲ್ಲಿ ಅಂಧ ಬಾಲಕರಿಗೆ ಸಂಗೀತದ ಜೊತೆಗೆ ಕೀರ್ತನ ವಿದ್ಯೆಯನ್ನೂ ಕಲಿಸಿತು.

ಆಧುನಿಕ ಕನ್ನಡ ರಂಗಭೂಮಿಯಲ್ಲಿ ಈ ಕಲೆಯ ಮಹಾಪುರುಷರೆಂದರೆ ಟಿ. ಪಿ. ಕೈಲಾಸಂ. ಲಂಡನ್ನಿಗೆ ಹೋಗಿ ಭೂವಿಜ್ಞಾನ ಕಲಿತು ಬಂದ ಈ ಮಹನೀಯರು ನಾಟಕಗಳನ್ನು ಮೇಜಿನ ಮುಂದೆ ಕುಳಿತು ಬರೆದವರಲ್ಲ. ಗೆಳೆಯರ ಕೂಟದಲ್ಲಿ ಇಡೀ ನಾಟಕವನ್ನು ತಾವೊಬ್ಬರೇ ಆಡಿ ತೋರಿಸುತ್ತಿದ್ದರು. ಬಾಯಿಂದ ಬಂದುದನ್ನು ಇತರರು ಬರೆದುಕೊಳ್ಳುತ್ತಿದ್ದರು. ಗಂಡ, ಹೆಂಡತಿ, ಅತ್ತೆ, ಅಡುಗೆಯವನು, ಇಂಗ್ಲಿಷ್ ಬೆರೆಸಿ ಮಾತನಾಡುವ ಯುವಕ, ಪ್ರತಿಯೊಬ್ಬರಿಗೂ ಬೇರೆ ಬೇರೆ ಕಂಠ. ನಾವು ಇಂದು ಪುಸ್ತಕದಲ್ಲಿ ಓದುವ ಕೈಲಾಸಂ ನಾಟಕ ಹೀಗೆ ಏಕಪಾತ್ರಾಭಿನಯದ ಹೊಟ್ಟೆಯಲ್ಲಿ ಹುಟ್ಟಿದ ಕೂಸು. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. ಮರುವರ್ಷ ಅವರು ತೀರಿಕೊಂಡರು. ಆ ಕಂಠಗಳೂ ಅವರೊಡನೆ ಹೋದವು ಎಂದು ಕೇಳಿದವರು ಮರುಗಿದರು.

ಆದರೆ ಅವು ಪೂರ್ತಿ ಹೋಗಲಿಲ್ಲ. 1983ರಲ್ಲಿ ನಟ ಸಿ. ಆರ್. ಸಿಂಹ ಅವರು ‘ಟಿಪಿಕಲ್ ಟಿ. ಪಿ. ಕೈಲಾಸಂ’ ಎಂಬ ಏಕವ್ಯಕ್ತಿ ನಾಟಕವನ್ನು ರಂಗಕ್ಕೆ ತಂದರು. ಬರೆದವರು ಟಿ. ಎನ್. ನರಸಿಂಹನ್. ಒಬ್ಬರೇ ನಾಟಕವಾಡುತ್ತಿದ್ದವರ ಬಾಳನ್ನು ಮತ್ತೊಬ್ಬರು ಒಬ್ಬರೇ ನಿಂತು ಆಡಿದರು. 2014ರಲ್ಲಿ ಸಿಂಹ ಅವರು ನಿಧನರಾಗುವ ವರೆಗೆ, ಅವರ ಹೆಸರನ್ನು ಎತ್ತಿದರೆ ಈ ನಾಟಕವೇ ಮೊದಲು ನೆನಪಾಗುವಷ್ಟು ಅದು ಜನಪ್ರಿಯವಾಗಿತ್ತು. ಮುಂದೆ ಈ ದಾರಿ ಅಗಲವಾಯಿತು. ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯನ್ನು ಲಕ್ಷ್ಮೀ ಚಂದ್ರಶೇಖರ್ ಅವರು ಒಬ್ಬರೇ ಅಭಿನಯಿಸಿದರು. ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ದಲ್ಲಿ ನಟಿಯೊಬ್ಬಳು ತೆರೆಯ ಮೇಲಿನ ತನ್ನದೇ ಬಿಂಬದೊಡನೆ ವಾದಕ್ಕೆ ನಿಲ್ಲುತ್ತಾಳೆ. ಮೇಳವೇ ಪ್ರಧಾನವಾದ ಯಕ್ಷಗಾನದಲ್ಲಿಯೂ ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಸಾಹಿತ್ಯದ ನೆರವಿನಿಂದ ಏಕವ್ಯಕ್ತಿ ಪ್ರಯೋಗಗಳನ್ನು ಮಾಡಿ ಹೆಸರು ಪಡೆದರು.

ಕನಮಡಿಯ ಕಡೆಯವರು ಗಡಿಯಾಚೆಗೂ ಕಿವಿಗೊಟ್ಟವರಾದ್ದರಿಂದ ಮರಾಠಿಯ ಮಾತನ್ನೂ ಹೇಳಲೇಬೇಕು. ಪು. ಲ. ದೇಶಪಾಂಡೆಯವರು (1919–2000) ಒಂದು ಕಾಲಕ್ಕೆ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು, ಮುಂದೆ ಆಕಾಶವಾಣಿಯಲ್ಲಿ ದುಡಿದವರು. ಮುಂಬಯಿಯ ವಠಾರವೊಂದರ ಬದುಕನ್ನು ಹೇಳುವ ‘ಬಟಾಟ್ಯಾಚೀ ಚಾಳ’ವನ್ನು ಅವರು 1961ರಲ್ಲಿ ಒಬ್ಬರೇ ರಂಗದ ಮೇಲೆ ತಂದರು. ಬೆಳಗಾವಿಯ ರಾವಸಾಹೇಬರನ್ನು ಕುರಿತ ಅವರ ವ್ಯಕ್ತಿಚಿತ್ರದಲ್ಲಿ ಬರುವ ಕನ್ನಡ ಬೆರೆತ ಮರಾಠಿ ಗಡಿನಾಡಿನವರಿಗೆ ತಮ್ಮ ಓಣಿಯ ಮಾತೇ ಆಗಿದೆ. ಲಕ್ಷ್ಮಣ ದೇಶಪಾಂಡೆಯವರ ‘ವರ್ಹಾಡ ನಿಘಾಲಯ ಲಂಡನಲಾ’ ಎಂಬುದರಲ್ಲಂತೂ ಲಂಡನ್ನಿಗೆ ಹೊರಟ ಮದುವೆಯ ದಿಬ್ಬಣದ 52 ಪಾತ್ರಗಳಿಗೂ ಅವರೊಬ್ಬರೇ ನಟರು. ಪರದೇಶದ ಉದಾಹರಣೆ ಬೇಕೆಂದರೆ, ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1858ರಿಂದ ತನ್ನ ಕಾದಂಬರಿಗಳ ಭಾಗಗಳನ್ನು ಊರೂರಿನಲ್ಲಿ ಪಾತ್ರಪಾತ್ರಕ್ಕೂ ದನಿ ಬದಲಿಸಿ ಓದಿ ಕಿಕ್ಕಿರಿದ ಸಭೆಗಳನ್ನು ಗೆದ್ದ. ಆ ಶ್ರಮ ಅವನ ಆರೋಗ್ಯವನ್ನೇ ತಿಂದಿತು. ಕೈಲಾಸಂ ಅವರ ಸಮಕಾಲೀನಳಾದ ಅಮೆರಿಕದ ರೂತ್ ಡ್ರೇಪರ್ ಒಂದು ಶಾಲು, ಒಂದೆರಡು ಕುರ್ಚಿ, ಇಷ್ಟರಿಂದಲೇ ತುಂಬಿದ ಮನೆಯನ್ನು ಕಾಣಿಸುತ್ತಿದ್ದಳು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. “ಒಬ್ಬನ ನಾಟಕ ಅಗ್ಗದ ನಾಟಕ. ಇದಕ್ಕೆ ಮಣೆ ಹಾಕಿದರೆ ದೊಡ್ಡ ನಾಟಕ ಸಾಯುವುದು” ಎಂದು ಹೇಳುವವರಿದ್ದಾರೆ. ಈ ಅಂಜಿಕೆಯಲ್ಲಿ ಸತ್ಯಾಂಶವಿದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಡೇರೆ ಹಾಕುವ ವೃತ್ತಿ ಕಂಪನಿಗಳನ್ನು ನೋಡಿದವರಿಗೆ ಆ ವೈಭವ ಗೊತ್ತು. ಕಂದಗಲ್ಲ ಹನುಮಂತರಾಯರ (1896–1966) ‘ರಕ್ತರಾತ್ರಿ’ಯನ್ನು ಒಬ್ಬ ನಟನಿಂದ ಆಡಿಸಿ ತೃಪ್ತಿಪಡಲಾದೀತೇ? ಆಗದು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿಟ್ಟಿದ್ದೇವೆ. ಆ ರಂಗದ ಮೇಲೆ ತುಂಬು ಮೇಳದ ನಾಟಕ ನಡೆಯಲೇಬೇಕು. ಹಣವಿಲ್ಲವೆಂದು ಹತ್ತು ನಟರ ಜಾಗದಲ್ಲಿ ಒಬ್ಬನನ್ನು ನಿಲ್ಲಿಸುವುದು ಬೇರೆ. ಒಬ್ಬನೇ ಹೇಳಬಲ್ಲ ಕಥೆಯನ್ನು ಒಬ್ಬನಿಂದ ಹೇಳಿಸುವುದು ಬೇರೆ. ಮೊದಲನೆಯದು ದಾರಿದ್ರ್ಯ, ಎರಡನೆಯದು ಕಲೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈ ಕಲೆಗೆ ತಕ್ಕ ಮನೆ ಸಣ್ಣ ಮನೆ. ಸಾವಿರ ಜನರ ಹಿಂದೆ ಕುಳಿತವನಿಗೆ ನಟನ ಕಣ್ಣು ಕಾಣುವುದಿಲ್ಲ. ನೂರಿನ್ನೂರು ಜನ ಕೂಡುವ ಪಡಸಾಲೆಯಲ್ಲಿ ಹುಬ್ಬಿನ ಅಲುಗಾಟವೂ ಮಾತಾಗುತ್ತದೆ. ಸಣ್ಣ ಊರಿನಲ್ಲಿ ರಂಗಮಂದಿರ ಬಾಳಲಾರದು ಎಂಬ ಮಾತಿಗೆ ಹೆಗ್ಗೋಡು ಉತ್ತರ ಕೊಟ್ಟಿದೆ. 1949ರಲ್ಲಿ ಆ ಹಳ್ಳಿಯವರು ಕೂಡಿ ಕಟ್ಟಿದ ನೀನಾಸಂ ಸಂಸ್ಥೆ, ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಬೆಳೆದು, 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವನ್ನು ಪಡೆಯಿತು. ನಮ್ಮ ಹಳ್ಳಿಗಳಲ್ಲಿಯೂ ಸಮುದಾಯ ಭವನಗಳಿವೆ, ಗುಡಿಯ ಮುಂದಿನ ಕಟ್ಟೆಗಳಿವೆ, ಶಾಲೆಯ ಅಂಗಳಗಳಿವೆ. ಮದುವೆಯಿಲ್ಲದ ದಿನ ಆ ಭವನಗಳ ಬಾಗಿಲಿಗೆ ಬೀಗ. ತಿಂಗಳಿಗೊಂದು ಸಂಜೆ ಆ ಬೀಗ ತೆಗೆದು, ಒಂದು ಕುರ್ಚಿ ಇಟ್ಟು, ಒಂದು ದೀಪ ಹಚ್ಚಿ, ಊರಿನ ಒಬ್ಬ ಶಿಕ್ಷಕನೋ ಒಬ್ಬ ಹೆಣ್ಣುಮಗಳೋ ನಿಂತು ಆಡಿದರೆ ಸಾಕು. ಬಾಡಿಗೆಯ ಸೀನಿಗಾಗಿ ಕಾಯಬೇಕಾಗಿಲ್ಲ.

ಗಡಿಯ ಊರಿಗೆ ಇದರಿಂದ ಇನ್ನೂ ಒಂದು ಲಾಭವಿದೆ. ಮೇಳದ ನಾಟಕದಲ್ಲಿ ಮಾತು ಸೋತರೆ ಹಾಡು ಕಾಯುತ್ತದೆ, ಹಾಡು ಸೋತರೆ ಸೀನು ಕಾಯುತ್ತದೆ. ಒಬ್ಬ ನಟನಿಗೆ ಆ ಆಸರೆಯಿಲ್ಲ. ಅವನ ಅರಮನೆಯೂ ಮಾತು, ಅಡವಿಯೂ ಮಾತು. ಆ ಮಾತು ಕೇಳುವವರ ಮನೆಯ ಮಾತಾಗಿರಬೇಕು. ಇಲ್ಲದಿದ್ದರೆ ಅವರು ತಮ್ಮ ಪಾಲಿನ ಅರ್ಧವನ್ನು ಕಟ್ಟಲಾರರು. ಆದ್ದರಿಂದ ಒಬ್ಬನ ನಾಟಕ ನಡೆಯುವ ಊರಿನಲ್ಲಿ ಆ ಊರ ಮಾತಿಗೂ ಜೀವವಿರುತ್ತದೆ. ಕೇಳುವ ಕಿವಿ ಬತ್ತಿದ ಊರಿನಲ್ಲಿ ಎಂಥ ನಟನೂ ಮೂಕನೇ.

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಅವರಿಗೆ ನಾನು ಭಾಣದ ಲಕ್ಷಣವನ್ನೂ ಹೇಳಲಿಲ್ಲ, ಕೈಲಾಸಂ ಅವರ ಕಥೆಯನ್ನೂ ಹೇಳಲಿಲ್ಲ. ಆ ಸಂಜೆ ನಡೆದುದನ್ನೇ ನೆನಪಿಸಿದೆ. ಮುದುಕಿಯ ಪಾತ್ರದ ಹುಡುಗಿ ಇಲ್ಲದ ಬುಟ್ಟಿಯನ್ನು ಇಳಿಸಿ, ಇಲ್ಲದ ಬದನೆಕಾಯಿಗಳನ್ನು ಹರವಿ, ಇಲ್ಲದ ಗಿರಾಕಿಯತ್ತ ನೋಡಿ, “ಎಷ್ಟಕ್ಕ ಕೇಳತೀಯೋ ಯಪ್ಪಾ?” ಎಂದಾಗ, ಮುಂದಿನ ಸಾಲಿನಿಂದ ಯಾರೋ ಮರಾಠಿಯಲ್ಲಿ ಒಂದು ಬೆಲೆ ಕೂಗಿದ್ದರು. ಸಭೆಯೆಲ್ಲ ನಕ್ಕಿತ್ತು. ಹುಡುಗಿ ಎದೆಗುಂದದೆ ಅತ್ತ ತಿರುಗಿ, “ಆ ರೇಟಿಗೆ ಜತ್ತದ ಸಂತಿಗೆ ಹೋಗು” ಎಂದು ಕನ್ನಡದಲ್ಲಿ ಗದರಿ ಮುಂದುವರಿದಿದ್ದಳು.

“ಹಿರಿಯರ, ಬೆಲೆ ಕೂಗಿದವರು ನೀವೇ ಅಲ್ಲೇನ್ರಿ?” ಎಂದೆ.

ಅವರು ರುಮಾಲು ಸರಿಪಡಿಸಿಕೊಂಡು ನಕ್ಕರು. “ಹೌದ್ರಿ. ಆಕಿ ಕೇಳಿದ್ಲು, ನಾ ಹೇಳಿಬಿಟ್ಟೆ” ಎಂದರು. ಆಮೇಲೆ, ಮುಂದಿನ ವರ್ಷ ಆ ಹುಡುಗಿ ಯಾವ ಪಾತ್ರ ಮಾಡುತ್ತಾಳೆಂದು ವಿಚಾರಿಸಿದರು.