ಕಾಫಿ ಎಲೆ ತುಕ್ಕು ರೋಗ: ಮುಗಿಯದ ನಿರೋಧಕ ತಳಿಗಳ ಶೋಧ

ಅರೇಬಿಕಾ ಕಾಫಿಯನ್ನು ಒಂದೂವರೆ ಶತಮಾನದಿಂದ ಕಾಡುತ್ತಿರುವ ಎಲೆ ತುಕ್ಕು ರೋಗಕ್ಕೆ ಕಾರಣ ‘ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್’ ಎಂಬ ಶಿಲೀಂಧ್ರ. ವಿಜ್ಞಾನಿಗಳು ಇದನ್ನು ಮೊದಲು ವರ್ಣಿಸಿದ್ದು 1869ರಲ್ಲಿ, ಇಂದಿನ ಶ್ರೀಲಂಕಾದ ಮಾದರಿಗಳಿಂದ. ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಕಾಫಿ ಉದ್ಯಮ ನೆಲಕಚ್ಚಿ, ಆ ಜಾಗವನ್ನು ಚಹಾ ಆಕ್ರಮಿಸಿತು. ಅದೇ ಅವಧಿಯಲ್ಲಿ ರೋಗ ದಕ್ಷಿಣ ಭಾರತಕ್ಕೂ ಕಾಲಿಟ್ಟಿತು.

ರೋಗ ಲಕ್ಷಣ

ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯಂತಹ ಮಚ್ಚೆಗಳು ಮೂಡುತ್ತವೆ. ಇದು ಶಿಲೀಂಧ್ರದ ಬೀಜಕಣಗಳ ರಾಶಿ. ಗಾಳಿ ಮತ್ತು ಮಳೆಹನಿಗಳ ಮೂಲಕ ಹರಡುವ ಈ ಕಣಗಳು ಎಲೆ ಒದ್ದೆಯಾಗಿದ್ದಾಗ ಮೊಳೆತು, ಪತ್ರರಂಧ್ರಗಳ ಮೂಲಕ ಒಳಸೇರುತ್ತವೆ. ರೋಗ ತೀವ್ರವಾದಾಗ ಎಲೆಗಳು ಉದುರಿ, ರೆಂಬೆಗಳು ಒಣಗುತ್ತವೆ. ಮುಂದಿನ ವರ್ಷದ ಫಸಲಿಗೂ ಪೆಟ್ಟು ಬೀಳುತ್ತದೆ.

ತಳಿಗಳ ಸರದಿ

ಚಿಕ್ಕಮಗಳೂರು ಸೀಮೆಯ ತೋಟವೊಂದರಲ್ಲಿ ಎಲ್.ಪಿ. ಕೆಂಟ್ ಆರಿಸಿದ ಗಿಡದಿಂದ ಬಂದ ‘ಕೆಂಟ್ಸ್’ ತಳಿ ಆರಂಭದಲ್ಲಿ ರೋಗವನ್ನು ತಡೆಯಿತು. ಆದರೆ ಕಾಲಕ್ರಮೇಣ ಅದೂ ತುತ್ತಾಯಿತು. ಶಿಲೀಂಧ್ರಕ್ಕೆ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ ಎಂಬುದನ್ನು 1930ರ ದಶಕದಲ್ಲಿ ಡಬ್ಲ್ಯು.ಡಬ್ಲ್ಯು. ಮೇಯ್ನ್ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ತೋರಿಸಿಕೊಟ್ಟರು. ಒಂದು ಪ್ರಭೇದವನ್ನು ಎದುರಿಸುವ ತಳಿ ಮತ್ತೊಂದಕ್ಕೆ ಮಣಿಯುವುದು ಹೀಗಾಗಿ.

ಕೆಂಟ್ಸ್ ಜೊತೆಗೆ, ಲೈಬೀರಿಕಾ ಕಾಫಿಯ ಗುಣ ಪಡೆದ ಎಸ್.288 ತಳಿಯನ್ನು ಸಂಕರಿಸಿ 1940ರ ದಶಕದಲ್ಲಿ ಎಸ್.795 ಬಿಡುಗಡೆಯಾಯಿತು. ಇದು ದಶಕಗಳ ಕಾಲ ಮಲೆನಾಡು ಹಾಗೂ ಕೊಡಗಿನ ತೋಟಗಳ ಪ್ರಮುಖ ತಳಿಯಾಗಿತ್ತು. ಅದರ ನಿರೋಧಕತೆಯೂ ನಂತರ ಕುಗ್ಗಿತು.

ಅರೇಬಿಕಾ ಮತ್ತು ರೋಬಸ್ಟಾದ ನೈಸರ್ಗಿಕ ಸಂಕರವಾದ ‘ಹೈಬ್ರಿಡೋ ಡಿ ಟಿಮೋರ್’ ಮುಂದೆ ನಿರೋಧಕ ಗುಣದ ದೊಡ್ಡ ಆಕರವಾಯಿತು. ‘ಕಾವೇರಿ’ ಮತ್ತು 2007ರಲ್ಲಿ ಬಿಡುಗಡೆಯಾದ ‘ಚಂದ್ರಗಿರಿ’ ತಳಿಗಳ ಮೂಲ ಇದೇ. ಇವುಗಳಲ್ಲಿ ಕಾವೇರಿಗೂ ಕೆಲ ವರ್ಷಗಳಲ್ಲೇ ರೋಗ ತಗುಲಿತು.

ಬೆಳೆಗಾರನ ಮುಂದಿರುವ ದಾರಿ

ಭತ್ತದ ತಳಿಯನ್ನು ಮರುವರ್ಷವೇ ಬದಲಿಸಬಹುದು. ಕಾಫಿ ಗಿಡ ಫಸಲಿಗೆ ಬರಲು ಮೂರು-ನಾಲ್ಕು ವರ್ಷ ಬೇಕು, ಅನಂತರ ದಶಕಗಳ ಕಾಲ ಅದೇ ನೆಲದಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಶಿಲೀಂಧ್ರದ ಹೊಸ ಪ್ರಭೇದ ಹುಟ್ಟಿದರೆ ಸಣ್ಣ ಬೆಳೆಗಾರನ ಹೂಡಿಕೆ ಅಪಾಯಕ್ಕೆ ಸಿಲುಕುತ್ತದೆ. ಆದ್ದರಿಂದ ನಿರೋಧಕ ತಳಿ ನೆಟ್ಟ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಮುಂಗಾರಿಗೆ ಮೊದಲು ಮತ್ತು ಮಳೆಗಾಲದ ನಂತರ ಎಲೆಗಳ ಅಡಿಭಾಗ ನೆನೆಯುವಂತೆ ಶೇ 0.5ರ ಬೋರ್ಡೋ ದ್ರಾವಣ ಸಿಂಪಡಿಸುವುದು, ನೆರಳನ್ನು ಹದದಲ್ಲಿಡುವುದು ಹಾಗೂ ಗಿಡ ಸವರಿ ಗಾಳಿಯಾಡುವಂತೆ ಮಾಡುವುದು ಇಂದಿಗೂ ಅಗತ್ಯ.