ಹಳೇ ಪ್ರತಿ ಎಲ್ಲಿ ಹೋಯ್ತು? ರಿವಿಷನ್ನಿನ ಪುಟ್ಟ ಚರಿತ್ರೆ

ಬರೆದದ್ದನ್ನು ತಿದ್ದೋದು ಎಲ್ಲರಿಗೂ ಗೊತ್ತು. ಆದರೆ ತಿದ್ದುವ ಮೊದಲು ಅಲ್ಲಿ ಏನಿತ್ತು ಅನ್ನೋದನ್ನ ನೆನಪಿಟ್ಟುಕೊಳ್ಳೋರು ಯಾರು? ಕಾಗದದ ಮೇಲಾದರೆ ಹೊಡೆದುಹಾಕಿದ ಗೀಟಿನ ಕೆಳಗೆ ಹಳೇ ಪದ ಇಣುಕುತ್ತಿರುತ್ತೆ. ಕಂಪ್ಯೂಟರಿನಲ್ಲಿ ಹಾಗಲ್ಲ. ಉಳಿಸೋಕೆ ಯಾರಾದರೂ ಬೇಕೆಂದೇ ಏರ್ಪಾಡು ಮಾಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಂಥ ಏರ್ಪಾಡನ್ನು ಬಹಳ ಹಿಂದೆಯೇ ಮಾಡಿಕೊಂಡವರು ಪ್ರೋಗ್ರಾಮರುಗಳು. 1972ರಲ್ಲಿ ಬೆಲ್ ಲ್ಯಾಬ್ಸಿನಲ್ಲಿದ್ದ ಮಾರ್ಕ್ ರಾಕ್‌ಕೈಂಡ್ ಎಸ್‌ಸಿಸಿಎಸ್ ಅನ್ನೋ ತಂತ್ರಾಂಶ ಬರೆದರು. 1982ರಲ್ಲಿ ವಾಲ್ಟರ್ ಟಿಕಿ ಅವರ ಆರ್‌ಸಿಎಸ್ ಬಂತು. ಆದರೆ ಇವೆಲ್ಲ ಪ್ರೋಗ್ರಾಮುಗಳ ಕಡತಗಳನ್ನು ಕಾಯೋಕೆ. ನಮ್ಮ ನಿಮ್ಮಂಥ ಬರೆಯೋರ ಕೈಗೆ ಆ ಸೌಲಭ್ಯ ಬರೋಕೆ ಇನ್ನೂ ವರ್ಷಗಳು ಬೇಕಾದವು.

ವಿಕಿಪೀಡಿಯಾದ ಕಥೆಯನ್ನೇ ನೋಡಿ. 2001ರ ಜನವರಿಯಲ್ಲಿ ಅದು ಶುರುವಾದಾಗ ಬಳಸಿದ್ದು ಯೂಸ್‌ಮಾಡ್ ವಿಕಿ ಅನ್ನೋ ತಂತ್ರಾಂಶವನ್ನ. ಸ್ವಲ್ಪ ಕಾಲವಾದ ಮೇಲೆ ಅದು ಪುಟಗಳ ಹಳೇ ಪ್ರತಿಗಳನ್ನು ತಾನೇ ಅಳಿಸಿಬಿಡುತ್ತಿತ್ತು! ಹಾಗಾಗಿ ಆ ಮೊದಲ ತಿಂಗಳುಗಳ ತಿದ್ದುಪಡಿಗಳು ಹೋದವು ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2010ರ ಡಿಸೆಂಬರಿನಲ್ಲಿ ಟಿಮ್ ಸ್ಟಾರ್ಲಿಂಗ್ ಅವರಿಗೆ ಹಳೇ ಬ್ಯಾಕಪ್ಪುಗಳಲ್ಲಿ ಅವು ಸಿಕ್ಕವು. ಸಿಕ್ಕಿದ್ದು ಅದೃಷ್ಟ, ಅಷ್ಟೇ.

ಈಗ ನಮ್ಮ ಪೈಕಿ ಅನೇಕರು ಬಳಸೋ ವರ್ಡ್‌ಪ್ರೆಸ್ಸಿಗೆ ಬರೋಣ. 2008ರ ಜುಲೈನಲ್ಲಿ ಬಂದ 2.6ನೇ ಆವೃತ್ತಿಯಲ್ಲಿ ಲೇಖನಗಳಿಗೆ, ಪುಟಗಳಿಗೆ ರಿವಿಷನ್ ಸೌಲಭ್ಯ ಸೇರಿತು. 2010ರ ಜೂನಿನ 3.0ರಲ್ಲಿ ನಮಗೆ ಬೇಕಾದ ಹೊಸ ಬಗೆಯ ಬರಹಗಳನ್ನು, ಅಂದರೆ ಕಸ್ಟಮ್ ಪೋಸ್ಟ್ ಟೈಪುಗಳನ್ನು, ಸುಲಭವಾಗಿ ಮಾಡಿಕೊಳ್ಳೋ ಅನುಕೂಲ ಬಂತು. ಆದರೆ ಹೊಸ ಬಗೆಗೆ ತಾನಾಗೇ ಸಿಗ್ತಿದ್ದದ್ದು ಶೀರ್ಷಿಕೆ ಮತ್ತು ಬರೆಯೋ ಜಾಗ ಮಾತ್ರ. ಹಳೇ ಪ್ರತಿಗಳು ಬೇಕಿದ್ದರೆ "ಸಪೋರ್ಟ್ಸ್" ಪಟ್ಟಿಯಲ್ಲಿ "ರಿವಿಷನ್ಸ್" ಅಂತ ನಾವೇ ಬರೆಯಬೇಕು. ಈಗಲೂ ಹಾಗೇ.

ಬರೆದರೂ ಸಮಸ್ಯೆ ಪೂರ್ತಿ ಮುಗಿಯುತ್ತಿರಲಿಲ್ಲ. ಒಂದು ಊರುಪದಗಳ ಕೋಶ ಮಾಡ್ತೀರಿ ಅಂದುಕೊಳ್ಳಿ. "ಪದ" ಅನ್ನೋ ಬಗೆ, ಅದರಲ್ಲಿ "ಅರ್ಥ", "ಊರು" ಅನ್ನೋ ಬೇರೆ ಬೇರೆ ಖಾನೆಗಳು. ಮಲೆನಾಡಿನವರೊಬ್ಬರು "ಕಡುಬು" ಅಂದರೆ ಆವಿಯಲ್ಲಿ ಬೇಯಿಸಿದ ಅಕ್ಕಿಯ ತಿಂಡಿ ಅಂತ ಬರೆದರು. ಧಾರವಾಡದ ಕಡೆಯವರು ಬಂದು ಅದನ್ನ ಅಳಿಸಿ, ಹೂರಣ ತುಂಬಿದ್ದು ಅಂತ ತಿದ್ದಿದರು. ಇಬ್ಬರೂ ಸರಿಯೇ! ಆದರೆ ಮೊದಲನೆಯದು ಎಲ್ಲಿ? ವರ್ಡ್‌ಪ್ರೆಸ್ ಶೀರ್ಷಿಕೆ, ಸಾರಾಂಶ, ಮೈಬರಹಗಳ ಹಳೇ ಪ್ರತಿ ಇಡುತ್ತಿತ್ತೇ ಹೊರತು ಈ ಖಾನೆಗಳದ್ದಲ್ಲ. ಅದಕ್ಕೆ ಪ್ಲಗಿನ್ನೋ ಸ್ವಂತ ಕೋಡೋ ಬೇಕಿತ್ತು. 2023ರ ನವೆಂಬರಿನಲ್ಲಿ 6.4 ಬಂದ ಮೇಲೆ, ಖಾನೆಯನ್ನು ನೋಂದಾಯಿಸುವಾಗಲೇ "ರಿವಿಷನ್ಸ್ ಎನೇಬಲ್ಡ್" ಅಂತ ಹೇಳೋ ದಾರಿ ಸಿಕ್ಕಿತು. ಅಂದರೆ 3.0 ಬಂದು 13 ವರ್ಷಗಳಾದ ಮೇಲೆ.

ಬೇರೆ ದಾರಿಯೂ ಇತ್ತು. 2011ರ ಜನವರಿಯಲ್ಲಿ ಬಂದ ದ್ರುಪಾಲ್ 7ರಲ್ಲಿ ಒಂದೊಂದು ಖಾನೆಗೂ ಎರಡು ಕೋಷ್ಟಕ: ಇವತ್ತಿನ ಮಾಹಿತಿಗೆ ಒಂದು, ಹಳೇ ಪ್ರತಿಗಳಿಗೆ ಇನ್ನೊಂದು. ಅಲ್ಲಿ ಖಾನೆಯ ಜೊತೆಗೇ ಅದರ ಚರಿತ್ರೆಗೂ ಜಾಗ ಇತ್ತು.

ಹಾಗಂತ ವರ್ಡ್‌ಪ್ರೆಸ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ :-) ಅದು ಹುಟ್ಟಿದ್ದೇ ಬ್ಲಾಗ್ ಬರೆಯೋರಿಗೆ. ಅವರಿಗೆ ಮುಖ್ಯ ಅನ್ನಿಸಿದ್ದು ಲೇಖನ, ಹಾಗಾಗಿ ನೆನಪೂ ಲೇಖನಕ್ಕೇ ಮೊದಲು ಸಿಕ್ಕಿತು. ಯಾವುದನ್ನ ಮುಖ್ಯ ಅಂದುಕೊಳ್ತೀವೋ ಅದರ ಚರಿತ್ರೆ ಮಾತ್ರ ಉಳಿಯುತ್ತೆ. ಉಳಿದದ್ದು ಸದ್ದಿಲ್ಲದೆ ಅಳಿಸಿಹೋಗುತ್ತೆ.

ಕೋಶವೋ, ಗಾದೆಗಳ ಸಂಗ್ರಹವೋ, ಊರಿನ ಇತಿಹಾಸವೋ ಮಾಡೋ ಯೋಚನೆ ಇದ್ದರೆ ಮೊದಲ ನಮೂದಿಗೂ ಮುಂಚೆ ಆ ಎರಡು ಸಾಲು ಸೇರಿಸಿಬಿಡಿ. ನಂತರ ಸೇರಿಸಿದರೆ ಅಲ್ಲಿಂದ ಮುಂದಿನದು ಉಳಿಯುತ್ತೆ, ಅಳಿಸಿಹೋದ ಕಡುಬು ಮಾತ್ರ ವಾಪಸ್ ಬರಲ್ಲ. ಏನಂತೀರಿ?