ಮುಂದೂಡಿದ ಪಂದ್ಯ, ತಾಳತಪ್ಪಿದ ವಾರ: ಸಾಂಕ್ರಾಮಿಕದ ದಿನಗಳಲ್ಲಿ ಫುಟ್‌ಬಾಲ್ ಅಭಿಮಾನಿಯ ಮನಸ್ಸು

ಶನಿವಾರ ರಾತ್ರಿ ಎಂಟೂವರೆ ಆಯಿತೆಂದರೆ ಟಿವಿ ರಿಮೋಟ್ ಯಾರ ಕೈ ಸೇರುತ್ತದೆ ಎಂಬುದು ಕೆಲವು ಮನೆಗಳಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಸಿಗುವುದು ಆ ಹೊತ್ತಿಗೆ. ಮಗನೋ, ಅಣ್ಣನೋ, ನಿವೃತ್ತರಾದ ಅಪ್ಪನೋ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂರುತ್ತಾರೆ. ಆ ಪಂದ್ಯ ಇದ್ದಕ್ಕಿದ್ದಂತೆ ಇಲ್ಲವೆಂದಾದರೆ? ಅದೂ ಒಂದು ವಾರವಲ್ಲ, ನೂರು ದಿನ?

2020ರಲ್ಲಿ ಕೋವಿಡ್-19 ಬಂದಾಗ ಆದದ್ದು ಅದೇ. "ಜನ ಸಾಯುತ್ತಿರುವಾಗ ಇವರಿಗೆ ಆಟದ ಚಿಂತೆ" ಎಂದು ಅನೇಕರು ರೇಗಿದರು. ಅಭಿಮಾನಿಗಳಿಗೂ ಒಳಗೊಳಗೇ ನಾಚಿಕೆಯಾಯಿತು. ಆದರೆ ಆ ಬೇಸರ ಸುಳ್ಳಲ್ಲ. ಅದು ಎಲ್ಲಿಂದ ಬಂತು, ಯಾವುದರಿಂದ ಹಗುರವಾಯಿತು ಎಂದು ತಿಳಿದುಕೊಂಡರೆ ಮನೆಯವರನ್ನು ನೋಡಿಕೊಳ್ಳುವ ನಿಮಗೆ ಉಪಯೋಗವಾಗುತ್ತದೆ. ದೀರ್ಘ ಕಾಯಿಲೆಯಿಂದ ಹಾಸಿಗೆ ಹಿಡಿದವರಿಗೂ, ಸೋಂಕಿನ ಭಯದಿಂದ ಮನೆಯೊಳಗೇ ಇರಬೇಕಾದವರಿಗೂ ಇದೇ ಮಾತು ಅನ್ವಯಿಸುತ್ತದೆ.

ಮುಖ್ಯ ಅಂಶಗಳು

• ಪಂದ್ಯ ನಿಂತಾಗ ಅಭಿಮಾನಿ ಕಳೆದುಕೊಳ್ಳುವುದು ಆಟವನ್ನಷ್ಟೇ ಅಲ್ಲ. ವಾರದ ಕ್ರಮ, ಜೊತೆಗಾರರು, ಎದುರುನೋಡುವ ದಿನ ಎಲ್ಲವೂ ಒಟ್ಟಿಗೆ ಹೋಗುತ್ತವೆ.
• ಬೇಸರ, ಸಿಡುಕು, ಕೋಪ ಸಹಜ. ಎರಡು ವಾರ ಕಳೆದರೂ ಬಿಡದ ಮಂಕು ಸಹಜವಲ್ಲ.
• ನಿದ್ದೆಗೆಂದು ಚೀಟಿಯಿಲ್ಲದೆ ಮಾತ್ರೆ ತೆಗೆದುಕೊಳ್ಳಬೇಡಿ. ನಡೆಯುತ್ತಿರುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂ ಬೇಡಿ.
• ಪಂದ್ಯದ ಹೊತ್ತಿಗೆ ಬರುವ ಒಂದು ಫೋನ್ ಕರೆ ದೊಡ್ಡ ಸಹಾಯ.

2020ರಲ್ಲಿ ಏನಾಯಿತು?

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ಅದೇ ರಾತ್ರಿ ಲಿವರ್‌ಪೂಲಿನ ಆನ್‌ಫೀಲ್ಡ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಅಟ್ಲೆಟಿಕೊ ಮ್ಯಾಡ್ರಿಡ್ ನಡುವಿನ ಪಂದ್ಯಕ್ಕೆ ಸುಮಾರು 52,000 ಜನ ಸೇರಿದ್ದರು. ಸ್ಪೇನಿನಲ್ಲಿ ಅಷ್ಟರಲ್ಲಾಗಲೇ ಪ್ರೇಕ್ಷಕರಿಗೆ ಪ್ರವೇಶ ನಿಲ್ಲಿಸಿದ್ದರೂ ಅಲ್ಲಿಂದ ಸುಮಾರು 3,000 ಅಭಿಮಾನಿಗಳು ಬಂದಿದ್ದರು. ಮರುದಿನ ಆರ್ಸೆನಲ್ ತಂಡದ ತರಬೇತುದಾರ ಮಿಕೆಲ್ ಆರ್ಟೆಟಾ ಅವರಿಗೆ ಸೋಂಕು ಇರುವುದು ಖಚಿತವಾಯಿತು. ಮಾರ್ಚ್ 13ರಂದು ಪ್ರೀಮಿಯರ್ ಲೀಗ್ ನಿಂತಿತು. ಮಾರ್ಚ್ 17ರಂದು ಯೂರೊ 2020 ಟೂರ್ನಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿದರು.

ನಮ್ಮಲ್ಲಿ ಇಂಡಿಯನ್ ಸೂಪರ್ ಲೀಗ್ ಕೊನೆಯ ಹಂತದಲ್ಲಿತ್ತು. ಮಾರ್ಚ್ 14ರಂದು ಗೋವಾದ ಫತೋರ್ಡಾದಲ್ಲಿ ಎಟಿಕೆ ಮತ್ತು ಚೆನ್ನೈಯಿನ್ ತಂಡಗಳ ಫೈನಲ್ ಪಂದ್ಯ ಪ್ರೇಕ್ಷಕರೇ ಇಲ್ಲದೆ ನಡೆಯಿತು. ಮುಂದಿನ ಎರಡು ಋತುಗಳನ್ನು ಗೋವಾದಲ್ಲೇ, ಬಾಗಿಲು ಮುಚ್ಚಿದ ಕ್ರೀಡಾಂಗಣಗಳಲ್ಲಿ ಆಡಿಸಿದರು. 2022ರ ಜನವರಿಯಲ್ಲಿ ತಂಡಗಳೊಳಗೇ ಸೋಂಕು ಹರಡಿ, ಬೆಂಗಳೂರು ಎಫ್‌ಸಿಯ ಪಂದ್ಯವೂ ಸೇರಿದಂತೆ ಹಲವು ಪಂದ್ಯಗಳನ್ನು ಮುಂದೂಡಬೇಕಾಯಿತು.

ನಿಲ್ಲಿಸಲೇಬೇಕಿತ್ತೇ?

ಹೌದು. ಗಾಳಿಯಲ್ಲಿ ಹರಡುವ ವೈರಸ್ಸಿಗೆ ಬೇಕಾದದ್ದೆಲ್ಲ ಒಂದು ದೊಡ್ಡ ಪಂದ್ಯದಲ್ಲಿ ಸಿಗುತ್ತದೆ. ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಜನ, ಗಂಟಲು ಹರಿಯುವಂತೆ ಕೂಗು, ಗೋಲಾದಾಗ ಅಪ್ಪುಗೆ, ಹೋಗಿ ಬರುವಾಗ ತುಂಬಿದ ರೈಲು ಮತ್ತು ಬಸ್ಸು. ಜೋರಾಗಿ ಕೂಗುವಾಗ, ಹಾಡುವಾಗ ಬಾಯಿಯಿಂದ ಹೊರಬರುವ ಸೂಕ್ಷ್ಮ ಹನಿಗಳು ಸುಮ್ಮನೆ ಮಾತಾಡುವಾಗಿನದಕ್ಕಿಂತ ಹೆಚ್ಚು.

ಇಟಲಿಯ ಬೆರ್ಗಾಮೊ ಊರಿನ ಕಥೆ ಇದಕ್ಕೆ ಸಾಕ್ಷಿ. 2020ರ ಫೆಬ್ರವರಿ 19ರಂದು ಆ ಊರಿನ ಅಟಲಾಂಟಾ ತಂಡ ಮಿಲಾನಿನಲ್ಲಿ ಸ್ಪೇನಿನ ವೆಲೆನ್ಸಿಯಾ ವಿರುದ್ಧ ಆಡಿತು. ಕ್ಲಬ್ಬಿನ ಚರಿತ್ರೆಯಲ್ಲೇ ದೊಡ್ಡ ರಾತ್ರಿ. ಬೆರ್ಗಾಮೊದಿಂದ ಸಾವಿರ ಸಾವಿರ ಜನ ಹೊರಟು ಹೋಗಿ ಗೆಲುವನ್ನು ಕಂಡು ಕುಣಿದರು. ಅದೇ ಲೊಂಬಾರ್ಡಿ ಪ್ರಾಂತ್ಯದಲ್ಲಿ ಸ್ಥಳೀಯವಾಗಿ ಹರಡಿದ ಮೊದಲ ಪ್ರಕರಣ ಪತ್ತೆಯಾದದ್ದು ಅದಾದ ಒಂದೆರಡು ದಿನಗಳಲ್ಲಿ. ಮುಂದಿನ ವಾರಗಳಲ್ಲಿ ಬೆರ್ಗಾಮೊ ಯುರೋಪಿನಲ್ಲೇ ಅತಿ ಹೆಚ್ಚು ನಲುಗಿದ ಊರುಗಳಲ್ಲಿ ಒಂದಾಯಿತು. ಅಷ್ಟೂ ಸಾವಿಗೆ ಆ ಒಂದು ಪಂದ್ಯವೇ ಕಾರಣ ಎನ್ನಲಾಗದು. ಆದರೆ ಸೋಂಕು ವೇಗವಾಗಿ ಹಬ್ಬಲು ಅದು ನೆರವಾಗಿರಬೇಕು ಎಂದು ಅಲ್ಲಿನ ತಜ್ಞರೇ ಹೇಳಿದರು.

ಅಭಿಮಾನಿಗಳು ಹೇಗೆ ನಡೆದುಕೊಂಡರು?

ಎಲ್ಲರೂ ಒಂದೇ ತರಹ ಇರಲಿಲ್ಲ. ನಿಮ್ಮ ಮನೆಯವರೂ ಇವುಗಳಲ್ಲಿ ಯಾವುದಾದರೊಂದು ಗುಂಪಿಗೆ ಸೇರಬಹುದು.

ಒಪ್ಪದವರು: ಮಾರ್ಚ್ 11ರಂದು ಪ್ಯಾರಿಸಿನಲ್ಲಿ ಪಂದ್ಯ ಖಾಲಿ ಕ್ರೀಡಾಂಗಣದಲ್ಲಿ ನಡೆದರೆ, ಸಾವಿರಾರು ಅಭಿಮಾನಿಗಳು ಗೇಟಿನ ಹೊರಗೆ ಗುಂಪುಗೂಡಿದರು. ಒಳಗೆ ತಪ್ಪಿಸಿದ ಅಪಾಯ ಹೊರಗೆ ಬಂದು ನಿಂತಿತು.

ಅನಿಶ್ಚಿತತೆಯಲ್ಲಿ ಬೆಂದವರು: ಲಿವರ್‌ಪೂಲ್ ಅಭಿಮಾನಿಗಳು ಲೀಗ್ ಪ್ರಶಸ್ತಿಗೆ 30 ವರ್ಷ ಕಾದಿದ್ದರು. ಪಂದ್ಯಗಳು ನಿಂತಾಗ ತಂಡ 25 ಅಂಕ ಮುಂದಿತ್ತು. ಇನ್ನೆರಡು ಗೆಲುವು ಸಾಕಿತ್ತು. ಅಷ್ಟರಲ್ಲಿ ಈ ಋತುವನ್ನೇ ರದ್ದು ಮಾಡಬೇಕೆಂಬ ಮಾತು ಎದ್ದಿತು. ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್ ತನ್ನ ಲೀಗನ್ನು ಯಾರಿಗೂ ಪ್ರಶಸ್ತಿ ಕೊಡದೆ ಮುಗಿಸಿದಾಗ ಅವರ ಭಯ ಇನ್ನೂ ಹೆಚ್ಚಾಯಿತು. ಸೋತದ್ದಾದರೆ ಅತ್ತು ಮುಗಿಸಬಹುದು. ಏನಾಗುವುದೋ ಗೊತ್ತಿಲ್ಲದಿದ್ದರೆ ಮನಸ್ಸು ಅಲ್ಲೇ ಸುತ್ತುತ್ತದೆ.

ಆಟ ಬೇಡವೆಂದವರು: ಜರ್ಮನಿಯ ಲೀಗ್ ಮೇ 16ರಂದು ಪ್ರೇಕ್ಷಕರಿಲ್ಲದೆ ಮತ್ತೆ ಶುರುವಾದಾಗ, ಅಲ್ಲಿನ ಕಟ್ಟಾ ಅಭಿಮಾನಿ ಗುಂಪುಗಳೇ ವಿರೋಧಿಸಿದವು. ಜನರಿಗಿಂತ ಟಿವಿ ಹಣ ಮುಖ್ಯವಾಯಿತೇ ಎಂಬುದು ಅವರ ಪ್ರಶ್ನೆ.

ಬದಲಿ ಹುಡುಕಿದವರು: ಬೆಲಾರುಸ್ ದೇಶದ ಲೀಗ್ ನಿಲ್ಲದೆ ನಡೆಯುತ್ತಿತ್ತು. ಅದುವರೆಗೆ ಆ ತಂಡಗಳ ಹೆಸರೂ ಕೇಳದವರು ಅದನ್ನೇ ನೋಡತೊಡಗಿದರು. ಜರ್ಮನಿಯ ಮೊಯೆನ್ಶನ್‌ಗ್ಲಾಡ್‌ಬಾಖ್ ಊರಿನ ಅಭಿಮಾನಿಗಳು 19 ಯೂರೊ ಕೊಟ್ಟು ತಮ್ಮ ರಟ್ಟಿನ ಚಿತ್ರವನ್ನು ಖಾಲಿ ಗ್ಯಾಲರಿಯಲ್ಲಿ ನಿಲ್ಲಿಸಿದರು.

ಕೈಜೋಡಿಸಿದವರು: ಬೆರ್ಗಾಮೊದಲ್ಲಿ ವಸ್ತುಪ್ರದರ್ಶನದ ಜಾಗದಲ್ಲಿ ತಾತ್ಕಾಲಿಕ ಆಸ್ಪತ್ರೆ ಕಟ್ಟುವಾಗ ಅಟಲಾಂಟಾ ಅಭಿಮಾನಿಗಳು ಸ್ವಯಂಸೇವಕರಾಗಿ ದುಡಿದರು. ತಿಂಗಳ ಹಿಂದೆ ಗ್ಯಾಲರಿಯಲ್ಲಿ ಕೂಗಿದ ಜನ ಈಗ ಗೋಡೆಗೆ ಬಣ್ಣ ಹಚ್ಚುತ್ತಿದ್ದರು. ಇಂಗ್ಲೆಂಡಿನ ಎವರ್ಟನ್ ಕ್ಲಬ್ ವಯಸ್ಸಾದ, ಒಂಟಿಯಾದ ಅಭಿಮಾನಿಗಳಿಗೆ ಫೋನ್ ಮಾಡಿ ಯೋಗಕ್ಷೇಮ ವಿಚಾರಿಸುವ ಕೆಲಸ ಶುರುಮಾಡಿತು. ಕರೆ ಮಾಡಿದವರಲ್ಲಿ ಆಟಗಾರರೂ ಇದ್ದರು.

ಬರೀ ಆಟಕ್ಕೆ ಇಷ್ಟು ನೋವೇಕೆ?

ಎವರ್ಟನ್ನಿನ ಆ ಫೋನ್ ಕರೆಗಳನ್ನು ಗಮನಿಸಿ. ಅವುಗಳಲ್ಲಿ ಫುಟ್‌ಬಾಲ್ ಆಟ ಇರಲಿಲ್ಲ, ಫುಟ್‌ಬಾಲ್ ತರುತ್ತಿದ್ದ ಸಂಗ ಇತ್ತು. ಕಳೆದುಹೋದದ್ದು ಅದೇ.

ಪಂದ್ಯ ಮೂರು ಕೆಲಸ ಮಾಡುತ್ತದೆ. ಮೊದಲನೆಯದು, ವಾರಕ್ಕೆ ಒಂದು ಗೂಟ. ಅದಿಲ್ಲದಿದ್ದರೆ ಸೋಮವಾರವೂ ಶನಿವಾರವೂ ಒಂದೇ. ಎರಡನೆಯದು, ಮಾತಿಗೆ ನೆಪ. ಮನಸ್ಸಿನ ದುಃಖವನ್ನು ಬಾಯಿಬಿಟ್ಟು ಹೇಳದ ಅನೇಕ ಗಂಡಸರು "ನಿನ್ನೆ ಮ್ಯಾಚ್ ನೋಡಿದೆಯಾ?" ಎಂದೇ ಗೆಳೆಯನನ್ನೋ ತಮ್ಮನನ್ನೋ ಮಾತಾಡಿಸುತ್ತಾರೆ. ಊರು ಬಿಟ್ಟು ಮುಂಬೈಯಲ್ಲೋ ದೆಹಲಿಯಲ್ಲೋ ಇರುವವರಿಗೆ ಬೆಂಗಳೂರು ಎಫ್‌ಸಿಯ ಪಂದ್ಯ ಊರಿನೊಂದಿಗೆ ಉಳಿದ ಎಳೆಯೂ ಹೌದು. ಮೂರನೆಯದು, ಮುಂದೆ ನೋಡಲು ಏನಾದರೂ ಇರುವುದು. ಕೀಮೋಥೆರಪಿಯಲ್ಲಿರುವವರು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು ಇಂಥ ಸಣ್ಣ ನಿರೀಕ್ಷೆಯನ್ನು ಹಿಡಿದೇ ವಾರ ದಾಟುತ್ತಾರೆ. ಅವರಿಂದ ಅದು ಜಾರಿದಾಗ "ಬರೀ ಆಟ ತಾನೇ" ಎನ್ನಬೇಡಿ.

ಮನೆಯವರು ಏನು ಮಾಡಬಹುದು?

• ಆ ಹೊತ್ತನ್ನು ಖಾಲಿ ಬಿಡಬೇಡಿ. ಶನಿವಾರ ಎಂಟೂವರೆಗೆ ಹಳೆಯ ಪಂದ್ಯದ ಮರುಪ್ರಸಾರ ಹಾಕಿ, ಇಲ್ಲವೇ ಚೌಕಾಬಾರ, ಕೇರಂ ಆಡಿ. ಯಾವುದಾದರೂ ಸರಿ, ಸಮಯ ಅದೇ ಇರಲಿ.
• ಜೊತೆಯಲ್ಲಿ ಪಂದ್ಯ ನೋಡುತ್ತಿದ್ದವರಿಗೆ ಅದೇ ಹೊತ್ತಿಗೆ ಫೋನ್ ಹಚ್ಚಿಕೊಡಿ. ಒಂಟಿಯಾಗಿರುವ ಹಿರಿಯರಿಗೆ ನೀವೇ ಕರೆ ಮಾಡಿ.
• ಪಂದ್ಯದ ಜಾಗದಲ್ಲಿ ಸುದ್ದಿ ಚಾನೆಲ್ ಕೂರದಂತೆ ನೋಡಿಕೊಳ್ಳಿ. ದಿನಕ್ಕೆ ಒಂದೆರಡು ಸಲ ಸುದ್ದಿ ನೋಡಿದರೆ ಸಾಕು.
• "ಮುಂದಿನ ತಿಂಗಳು ಖಂಡಿತ ಶುರುವಾಗುತ್ತದೆ" ಎಂದು ಸುಳ್ಳು ಭರವಸೆ ಕೊಡಬೇಡಿ. "ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ಶನಿವಾರ ನಾವಿಬ್ಬರೂ ಕೂರೋಣ" ಎನ್ನಿ.
• ಕುಡಿತದ ಮೇಲೆ ಗಮನವಿರಲಿ. ಪಂದ್ಯದ ರಾತ್ರಿ ಒಂದು ಗ್ಲಾಸ್ ಇದ್ದದ್ದು ಪಂದ್ಯವಿಲ್ಲದ ದಿನಗಳಲ್ಲಿ ದಿನನಿತ್ಯದ ಅಭ್ಯಾಸವಾಗಬಹುದು.

ಮಾತ್ರೆಗಳ ಬಗ್ಗೆ ಎಚ್ಚರ

"ನಿದ್ದೆ ಬರ್ತಿಲ್ಲ, ಎರಡು ಮಾತ್ರೆ ಕೊಡಿ" ಎಂಬುದು ಔಷಧ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವರಿಗೆ ಹಳೆಯ ಬೇಡಿಕೆ. ಆಲ್‌ಪ್ರಜೋಲಾಮ್, ಡಯಾಜಿಪಾಮ್, ಜೋಲ್ಪಿಡೆಮ್ ಮುಂತಾದವು ನಮ್ಮ ಕಾನೂನಿನಲ್ಲಿ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಅಂಗಡಿಯವರು ಇಲ್ಲ ಎಂದರೆ ಬೇಸರಪಡಬೇಡಿ, ಅವರು ನಿಮ್ಮನ್ನು ಕಾಯುತ್ತಿದ್ದಾರೆ. ಈ ಮಾತ್ರೆಗಳ ಜೊತೆ ಮದ್ಯ ಸೇರಿದರೆ ಉಸಿರಾಟವೇ ಕುಗ್ಗಬಹುದು. ಹಿರಿಯರು ರಾತ್ರಿ ಎದ್ದಾಗ ತೂರಾಡಿ ಬಿದ್ದು ಮೂಳೆ ಮುರಿದುಕೊಳ್ಳಬಹುದು. ವಾರಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ ಕುಡಿದರೆ ಮಂಪರು ಬರುತ್ತದೆಂದು ನಿದ್ದೆಗೆ ಬಳಸುವವರಿದ್ದಾರೆ. ಹಿರಿಯರಲ್ಲಿ ಇವು ಗೊಂದಲ, ಮೂತ್ರ ಕಟ್ಟುವ ತೊಂದರೆ ತರಬಹುದು.

ಇನ್ನೊಂದು ಸೂಕ್ಷ್ಮ ವಿಷಯ. ಅನೇಕರು ಮಾತ್ರೆಯನ್ನು ಗಡಿಯಾರ ನೋಡಿ ನುಂಗುವುದಿಲ್ಲ, ಟಿವಿ ನೋಡಿ ನುಂಗುತ್ತಾರೆ. ಪಂದ್ಯದ ವಿರಾಮದಲ್ಲಿ ಬಿಪಿ ಮಾತ್ರೆ ಎಂಬ ರೂಢಿ ಇದ್ದರೆ, ಪಂದ್ಯ ಹೋದಾಗ ಮಾತ್ರೆಯೂ ಮರೆತುಹೋಗುತ್ತದೆ. ಫೋನಿನಲ್ಲಿ ಅಲಾರಂ ಇಡಿ. ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಇನ್ಸುಲಿನ್, ಮೂರ್ಛೆ ರೋಗದ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತಪ್ಪಿದ್ದರೆ ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ.

ಪಂದ್ಯ ಮರಳಿ ಬಂದಾಗ

ಕಾಯುವುದು ಮುಗಿದ ದಿನವೂ ಎಚ್ಚರ ಬೇಕು. ಪ್ರೀಮಿಯರ್ ಲೀಗ್ ಜೂನ್ 17ರಂದು ಮತ್ತೆ ಶುರುವಾಯಿತು. ಜೂನ್ 25ರಂದು ಮ್ಯಾಂಚೆಸ್ಟರ್ ಸಿಟಿ ಸೋತಾಗ ಲಿವರ್‌ಪೂಲ್ ಆಡದೆಯೇ ಚಾಂಪಿಯನ್ ಆಯಿತು. ಮನೆಯಲ್ಲೇ ಸಂಭ್ರಮಿಸಿ ಎಂದು ಎಷ್ಟು ಹೇಳಿದರೂ ಸಾವಿರಾರು ಜನ ಬೀದಿಗಿಳಿದರು. ಕ್ಲಬ್ಬೇ ಅದನ್ನು ಖಂಡಿಸಬೇಕಾಯಿತು. ತಿಂಗಳುಗಟ್ಟಲೆ ತಡೆದಿಟ್ಟ ಭಾವನೆ ಹೊರಬರುವುದು ಹೀಗೆ. ಮನೆಯಲ್ಲಿ ರೋಗನಿರೋಧಕ ಶಕ್ತಿ ಕುಂದಿದವರಿದ್ದರೆ, ಗುಂಪಿನಿಂದ ಸೋಂಕು ತಂದವರು ಅವರಿಗೂ ಹಂಚುತ್ತಾರೆ ಎಂಬುದು ನೆನಪಿರಲಿ.

ಹೃದಯದ ತೊಂದರೆ ಇರುವವರು ಇನ್ನೂ ಒಂದು ಮಾತು ತಿಳಿದಿರಬೇಕು. 2006ರ ವಿಶ್ವಕಪ್ ವೇಳೆ ಜರ್ಮನಿಯ ಮ್ಯೂನಿಕ್ ಸುತ್ತಮುತ್ತ ನಡೆದ ಅಧ್ಯಯನದಲ್ಲಿ, ಜರ್ಮನಿ ತಂಡ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚಾಗಿದ್ದವು. ಮೊದಲೇ ಹೃದ್ರೋಗ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಪಂದ್ಯ ನೋಡಬೇಡಿ ಎಂದಲ್ಲ. ಆ ದಿನದ ಮಾತ್ರೆ ತಪ್ಪಿಸಬೇಡಿ, ಮದ್ಯ ಮತ್ತು ಸಿಗರೇಟು ಬಿಡಿ, ರಾತ್ರಿ ಒಂದೂವರೆಯ ಪಂದ್ಯವಾದರೆ ಬೆಳಿಗ್ಗೆ ಮರುಪ್ರಸಾರ ನೋಡಿ. ಎದೆ ಹಿಂಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಉಸಿರು ಕಟ್ಟಿದರೆ, ಬೆವರಿದರೆ ಪಂದ್ಯ ಮುಗಿಯಲೆಂದು ಕಾಯದೆ ಕೂಡಲೇ 112ಕ್ಕೆ ಕರೆ ಮಾಡಿ.

ಯಾವಾಗ ವೈದ್ಯರನ್ನು ಕಾಣಬೇಕು?

ದಿನದ ಹೆಚ್ಚಿನ ಹೊತ್ತು ಮಂಕು ಕವಿದಿರುವುದು, ಇಷ್ಟದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಹಸಿವು ಕೆಡುವುದು, ತಾನು ಯಾರಿಗೂ ಬೇಡ ಎನ್ನುವುದು ಎರಡು ವಾರ ಬಿಡದೆ ಇದ್ದರೆ ವೈದ್ಯರನ್ನು ಕಾಣಿ. ಪಂದ್ಯ ಮರಳಿ ಬಂದರೂ ನೋಡಲು ಮನಸ್ಸಿಲ್ಲ ಎನ್ನುವ ಕಟ್ಟಾ ಅಭಿಮಾನಿಯ ಬಗ್ಗೆ ವಿಶೇಷ ಗಮನವಿರಲಿ. ಸಾಯುವ ಮಾತಾಡಿದರೆ ತಮಾಷೆ ಎಂದುಕೊಳ್ಳಬೇಡಿ, ಒಂಟಿಯಾಗಿ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅಥವಾ 1800-891-4416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. ನೀವು ದೇಶದ ಯಾವ ಊರಿನಲ್ಲಿದ್ದರೂ ಕನ್ನಡದಲ್ಲಿ ಮಾತಾಡಬೇಕೆಂದು ಕೇಳಿ.

2022ರ ಮಾರ್ಚ್ 20ರಂದು ಅದೇ ಫತೋರ್ಡಾದಲ್ಲಿ ಹೈದರಾಬಾದ್ ಎಫ್‌ಸಿ ಕಪ್ ಗೆದ್ದಾಗ ಗ್ಯಾಲರಿ ಮತ್ತೆ ತುಂಬಿತ್ತು. ಎರಡು ವರ್ಷ ಹಿಡಿಯಿತು, ಆದರೂ ಪಂದ್ಯ ಬಂತು. ಅಲ್ಲಿಯವರೆಗೆ ನಿಮ್ಮವರನ್ನು ದಾಟಿಸುವುದು ನಿಮ್ಮ ಕೆಲಸ. ಈ ಶನಿವಾರ ಎಂಟೂವರೆಗೆ ಯಾರಿಗೆ ಫೋನ್ ಮಾಡಬೇಕೆಂದು ಈಗಲೇ ಗೊತ್ತುಮಾಡಿಕೊಳ್ಳಿ.